ಬ್ಯಾಕ್‌ಕಂಟ್ರಿ ಸ್ಕೀಯಿಂಗ್‌ಗೆ ಹೊರಡುವ ಮುನ್ನ: ಹಿಮದ ಪದರ ಓದುವುದು, ಇಳಿಜಾರು ಆರಿಸುವುದು, ಹಿಮಕುಸಿತದಿಂದ ದೂರ ಇರುವುದು

ರೆಸಾರ್ಟ್ ಒಳಗೆ ಸ್ಕೀ ಮಾಡುವವರಿಗೆ ಒಂದು ಅನುಕೂಲ ಇದೆ. ಅವರು ಬೆಟ್ಟಕ್ಕೆ ಬರುವ ಮೊದಲೇ ಅಲ್ಲಿನ ಸಿಬ್ಬಂದಿ ಸ್ಫೋಟಕ ಸಿಡಿಸಿ ಅಪಾಯದ ಹಿಮವನ್ನು ಉರುಳಿಸಿರುತ್ತಾರೆ. ಅನುಮಾನ ಇರುವ ಇಳಿಜಾರುಗಳನ್ನು ಮುಚ್ಚಿರುತ್ತಾರೆ. ಗಡಿಯ ಹಗ್ಗ ದಾಟಿ ಬ್ಯಾಕ್‌ಕಂಟ್ರಿಗೆ, ಅಂದರೆ ಸಿಬ್ಬಂದಿ ನೋಡಿಕೊಳ್ಳದ ಬೆಟ್ಟಕ್ಕೆ ಕಾಲಿಟ್ಟಿರಾ, ಆ ಕೆಲಸವೆಲ್ಲ ನಿಮ್ಮ ತಲೆಗೇ ಬರುತ್ತದೆ.

ಜನ ಸಿಕ್ಕಿಬಿದ್ದ ಹಿಮಕುಸಿತಗಳಲ್ಲಿ ಸುಮಾರು 90% ಶುರುವಾಗಿದ್ದು ಸಿಕ್ಕಿಬಿದ್ದವರ ಭಾರದಿಂದಲೇ, ಇಲ್ಲವೇ ಅವರ ಜೊತೆಗಿದ್ದವರ ಭಾರದಿಂದ. ಅಂದರೆ ಯಾವ ಇಳಿಜಾರಿಗೆ ಕಾಲಿಡುತ್ತೀರಿ ಅನ್ನುವ ಆಯ್ಕೆಯೇ ಇಲ್ಲಿ ದೊಡ್ಡದು.

ಈ ಬರಹದ ಉದ್ದಕ್ಕೂ ಒಂದು ಮಾತನ್ನು ಹಿಡಿದುಕೊಂಡು ಹೋಗುತ್ತೇನೆ. ಹಿಮದ ಒಳಗೆ ಏನಿದೆ ಅಂತ ಖಚಿತವಾಗಿ ಹೇಳಲು ಪಳಗಿದವರಿಗೂ ಆಗುವುದಿಲ್ಲ. ಇಳಿಜಾರು ಎಷ್ಟು ಡಿಗ್ರಿ ಇದೆ ಅಂತ ಅಳೆಯಲು ಹೊಸಬರಿಗೂ ಆಗುತ್ತದೆ. ಹಿಮದ ಬಗ್ಗೆ ಅನುಮಾನ ಬಂದಾಗಲೆಲ್ಲ ಕೋನದ ಕಡೆ ನೋಡಿ. ಅಂದ ಹಾಗೆ, ಇದನ್ನು ಓದಿ ನೇರವಾಗಿ ಬೆಟ್ಟಕ್ಕೆ ಹೊರಡಬೇಡಿ. ಹಿಮದ ಮೇಲೇ ನಡೆಯುವ ತರಬೇತಿಯೊಂದನ್ನು ಮುಗಿಸಿಕೊಳ್ಳಿ. ಬೀಕನ್ (ಮೈಗೆ ಕಟ್ಟಿಕೊಳ್ಳುವ, ಸಂಕೇತ ಕಳಿಸುವ ಮತ್ತು ಹಿಡಿಯುವ ರೇಡಿಯೊ ಸಾಧನ) ಬಳಸಿ ಹೂತವರನ್ನು ಹುಡುಕುವುದು ಕೈಗೆ ಬರಬೇಕಾದ ಕೆಲಸ, ಓದಿದರೆ ಬರುವುದಿಲ್ಲ.

ಕುಸಿಯುವುದು ಏನು?

ಸಡಿಲ ಹಿಮ ಒಂದು ಬಿಂದುವಿನಿಂದ ಶುರುವಾಗಿ ಕೆಳಗೆ ಹೋಗುತ್ತಾ ಅಗಲವಾಗುವುದು ಒಂದು ಬಗೆ. ಅದು ಸಾಮಾನ್ಯವಾಗಿ ಚಿಕ್ಕದು. ಆದರೂ ನಿಮ್ಮನ್ನು ಬಂಡೆಯ ಅಂಚಿನಿಂದ ತಳ್ಳುವಷ್ಟು ಶಕ್ತಿ ಇದ್ದೀತು. ಜಾಸ್ತಿ ಜನರನ್ನು ಕೊಲ್ಲುವುದು ಎರಡನೆಯ ಬಗೆ: ಚಪ್ಪಡಿ ಕುಸಿತ, ಅಂದರೆ ಸ್ಲ್ಯಾಬ್. ಒಂದಕ್ಕೊಂದು ಅಂಟಿಕೊಂಡ ಹಿಮದ ದಪ್ಪ ಪದರವೊಂದು ಇಡಿಯಾಗಿ ಬಿರುಕು ಬಿಟ್ಟು ಜಾರುತ್ತದೆ. ಬಿರುಕು ಬಹಳ ಸಲ ನಿಮ್ಮ ಮೇಲ್ಗಡೆ ಬೀಳುತ್ತದೆ. ನೀವು ನಿಂತ ನೆಲವೇ ಹೊರಡುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಗಂಟೆಗೆ 100 ಕಿ.ಮೀ. ವೇಗ ತಲುಪಬಹುದು.

ಸ್ಲ್ಯಾಬ್ ಕುಸಿಯಲು ನಾಲ್ಕು ಸೇರಬೇಕು: ಮೇಲೆ ಗಟ್ಟಿ ಚಪ್ಪಡಿ, ಅದರಡಿ ದುರ್ಬಲ ಪದರ, ಸಾಕಷ್ಟು ಕಡಿದಾದ ಇಳಿಜಾರು, ಮತ್ತು ಒಂದು ಒತ್ತಡ. ಒತ್ತಡ ನೀವೇ ಆಗಿರಬಹುದು, ಹೊಸ ಹಿಮ ಆಗಿರಬಹುದು, ಮಳೆ ಆಗಿರಬಹುದು. ಇವುಗಳಲ್ಲಿ ಕಣ್ಣಿಗೆ ಕಾಣದೆ ಆಟ ಆಡಿಸುವುದು ದುರ್ಬಲ ಪದರ. ಅದು ಹೇಗೆ ಹುಟ್ಟುತ್ತದೆ ಅಂತ ಗೊತ್ತಿದ್ದರೆ ಎಲ್ಲಿ ಹುಡುಕಬೇಕು ಅಂತಲೂ ತಿಳಿಯುತ್ತದೆ.

ಹಿಮದ ಅಡಿಯ ನೆಲ ಹೆಚ್ಚುಕಡಿಮೆ 0 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರುತ್ತದೆ. ಮೇಲ್ಮೈ ಎಷ್ಟು ಬೇಕಾದರೂ ತಣ್ಣಗಾಗಬಹುದು. ಪ್ರತಿ 10 ಸೆಂ.ಮೀ.ಗೆ ಸುಮಾರು 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ, ಆವಿ ಕೆಳಗಿನಿಂದ ಮೇಲಕ್ಕೆ ಚಲಿಸುತ್ತಾ ಹಿಮದ ಹರಳುಗಳನ್ನು ಮೂಲೆ ಮೂಲೆಯಾಗಿ ಬೆಳೆಸುತ್ತದೆ. ಇವೇ ಫ್ಯಾಸೆಟ್‌ಗಳು. ಒಂದು ಲೆಕ್ಕ ಹಾಕಿ. ಹಿಮ 50 ಸೆಂ.ಮೀ. ಇದೆ, ಮೇಲ್ಮೈ ಮೈನಸ್ 15. ಅಂದರೆ ಪ್ರತಿ 10 ಸೆಂ.ಮೀ.ಗೆ 3 ಡಿಗ್ರಿ. ಒಳಗೆ ಹಿಮ ಕೊಳೆಯುತ್ತಿದೆ ಅಂತಲೇ ತಿಳಿಯಿರಿ. ಅದೇ ಚಳಿಯಲ್ಲಿ 2 ಮೀಟರ್ ಹಿಮ ಇದ್ದರೆ 0.75 ಡಿಗ್ರಿ ಮಾತ್ರ. ಅಲ್ಲಿ ಹರಳುಗಳು ದುಂಡಗಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹಿಮ ಕಡಿಮೆ ಇದ್ದರೆ ಅಪಾಯವೂ ಕಡಿಮೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ತೆಳು ಹಿಮ, ಕಡು ಚಳಿ, ನಿರ್ಮಲ ಆಕಾಶ ಸೇರಿದರೆ ಆಗುವುದು ಅದರ ಉಲ್ಟಾ. ನೆಲದ ಹತ್ತಿರ ಹೀಗೆ ದೊಡ್ಡದಾಗಿ ಬೆಳೆದ ಹರಳುಗಳಿಗೆ ಡೆಪ್ತ್ ಹೋರ್ ಅನ್ನುತ್ತಾರೆ. ಅಂಗೈಗೆ ಹಾಕಿಕೊಂಡರೆ ಉಂಡೆ ಕಟ್ಟಲು ಬರುವುದಿಲ್ಲ, ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಉದುರಿ ಹೋಗುತ್ತದೆ.

ಇನ್ನೊಂದು ಸರ್ಫೇಸ್ ಹೋರ್. ಗಾಳಿ ಇಲ್ಲದ, ಮೋಡ ಇಲ್ಲದ ಚಳಿ ರಾತ್ರಿಗಳಲ್ಲಿ ಹಿಮದ ಮೇಲ್ಮೈಯಲ್ಲಿ ಗರಿಗಳಂತೆ ಏಳುವ ಹರಳು. ಬಿಸಿಲಿಗೆ ಮಿನುಗುತ್ತದೆ, ಸ್ಕೀ ಮಾಡಲು ಮಜಾ ಕೂಡ. ಮುಂದಿನ ಹಿಮ ಅದನ್ನು ಮುಚ್ಚಿದ ದಿನದಿಂದ ತೊಂದರೆ ಶುರು. ಹೊಸ ಹಿಮದ ಸಾಮಾನ್ಯ ಅಸ್ಥಿರತೆ ಒಂದೆರಡು ದಿನದಲ್ಲಿ ಬಹುಪಾಲು ತಣ್ಣಗಾಗುತ್ತದೆ. ಹೂತುಹೋದ ಸರ್ಫೇಸ್ ಹೋರ್, ಫ್ಯಾಸೆಟ್, ಡೆಪ್ತ್ ಹೋರ್ ಹಾಗಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾದು ಕೂರುತ್ತವೆ.

ಹಂತ 1: ಹಿಂದಿನ ರಾತ್ರಿ ಬುಲೆಟಿನ್ ಓದಿ

ಹಿಮಕುಸಿತ ಮುನ್ಸೂಚನೆ ಕೊಡುವ ಸಂಸ್ಥೆ ಇರುವ ಕಡೆ ಹೋಗುವುದಾದರೆ ಅದನ್ನು ಓದದೆ ಹೊರಡಬೇಡಿ. ಸ್ವಿಟ್ಜರ್ಲೆಂಡ್‌ನ ದಾವೋಸ್‌ನಲ್ಲಿರುವ ಹಿಮ ಮತ್ತು ಹಿಮಕುಸಿತ ಸಂಶೋಧನಾ ಸಂಸ್ಥೆ ಎಸ್‌ಎಲ್‌ಎಫ್, ಅವಲಾಂಚ್ ಕೆನಡಾ, ಅಮೆರಿಕದ ಕೊಲೊರಾಡೋದ ಹಿಮಕುಸಿತ ಮಾಹಿತಿ ಕೇಂದ್ರ ಇಂಥ ಕೆಲಸ ಮಾಡುತ್ತವೆ. ಅಪಾಯವನ್ನು 1ರಿಂದ 5ರವರೆಗೆ ಹೇಳುತ್ತಾರೆ: ಕಡಿಮೆ, ಸಾಧಾರಣ, ಗಣನೀಯ, ಹೆಚ್ಚು, ಅತಿ ಹೆಚ್ಚು.

ಇಲ್ಲಿ ಎಡವುವುದು 3ರಲ್ಲಿ. ಐದರಲ್ಲಿ ಮೂರು ಅಂದರೆ ನಡುವಿನದು, ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಈ ಅಳತೆ ಸಮವಾಗಿ ಏರುವುದಿಲ್ಲ. ಪ್ರತಿ ಮೆಟ್ಟಿಲಿಗೂ ಅಪಾಯ ಹಲವು ಪಟ್ಟು ಏರುತ್ತದೆ. 3 ಅಂದರೆ ಮನುಷ್ಯನ ಭಾರಕ್ಕೆ ಹಿಮ ಕುಸಿಯುವ ಸಾಧ್ಯತೆ ಚೆನ್ನಾಗಿಯೇ ಇದೆ ಅಂತ. ಸಾವುಗಳಲ್ಲಿ ದೊಡ್ಡ ಪಾಲು ನಡೆಯುವುದೂ ಈ ಮಟ್ಟದ ದಿನಗಳಲ್ಲೇ. 4, 5 ಇದ್ದ ದಿನ ಜನ ತಾವಾಗಿಯೇ ಮನೆಯಲ್ಲಿ ಉಳಿಯುತ್ತಾರೆ.

ಅಂಕಿಗಿಂತ ಮುಖ್ಯವಾದದ್ದು ಅದರ ಕೆಳಗಿನ ಬರಹ. ಇವತ್ತಿನ ಸಮಸ್ಯೆ ಯಾವುದು? ಹೊಸ ಹಿಮವೇ, ಗಾಳಿ ಹೊತ್ತು ತಂದ ಚಪ್ಪಡಿಯೇ, ಹಳೆಯ ದುರ್ಬಲ ಪದರವೇ, ಒದ್ದೆ ಹಿಮವೇ? ಯಾವ ಎತ್ತರದಲ್ಲಿ, ಯಾವ ದಿಕ್ಕಿನ ಇಳಿಜಾರಿನಲ್ಲಿ? ಗಾಳಿ ತಂದ ಚಪ್ಪಡಿ ಆದರೆ ಅದು ಇರುವ ಜಾಗವನ್ನು ಗುರುತಿಸಿ ತಪ್ಪಿಸಿಕೊಂಡು ಹೋಗಬಹುದು. ಹಳೆಯ ದುರ್ಬಲ ಪದರ ಅಂತ ಬರೆದಿದ್ದರೆ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು: ಆ ದಿಕ್ಕಿನ ಯಾವ ಕಡಿದಾದ ಇಳಿಜಾರೂ ಬೇಡ. ಮೇಲಿನಿಂದ ನೋಡಿ ಅದನ್ನು ಪತ್ತೆ ಹಚ್ಚಲು ಆಗುವುದಿಲ್ಲ. ಹತ್ತು ಜನ ಸ್ಕೀ ಮಾಡಿ ಹೋದ ಇಳಿಜಾರು ಹನ್ನೊಂದನೆಯವನಿಗೆ ಕುಸಿಯಬಹುದು.

ಬುಲೆಟಿನ್ ಇಲ್ಲದ ಬೆಟ್ಟಗಳೂ ಇವೆ. ಅಲ್ಲಿ ಹಿಂದಿನ ಕೆಲವು ದಿನಗಳ ಹಿಮ, ಗಾಳಿ, ತಾಪಮಾನ ತಿಳಿದುಕೊಳ್ಳಿ. ಅಪಾಯ ಜಾಸ್ತಿ ಇದೆ ಅಂದುಕೊಂಡೇ ಹೊರಡಿ.

ಹಂತ 2: ನಕ್ಷೆಯಲ್ಲಿ ಕೋನ ನೋಡಿ, ದಾರಿಯನ್ನು ಮನೆಯಲ್ಲೇ ಗೊತ್ತು ಮಾಡಿ

ಸ್ಲ್ಯಾಬ್ ಕುಸಿತಗಳಲ್ಲಿ ಬಹುತೇಕ ಎಲ್ಲವೂ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಶುರುವಾಗುತ್ತವೆ. 38ರ ಆಸುಪಾಸಿನಲ್ಲಿ ಅತಿ ಹೆಚ್ಚು. ಬೇಸರದ ವಿಷಯ ಏನೆಂದರೆ ಸ್ಕೀ ಮಾಡಲು ಖುಷಿ ಕೊಡುವ ಇಳಿಜಾರೂ ಇದೇ. 30ಕ್ಕಿಂತ ಕಡಿಮೆ ಇದ್ದು, ಮೇಲೆ ಕಡಿದಾದ ಜಾಗ ಇಲ್ಲದಿದ್ದರೆ, ಹಿಮ ಎಷ್ಟೇ ಕೆಟ್ಟದಾಗಿದ್ದರೂ ಅಪಾಯ ಬಹಳ ತಗ್ಗುತ್ತದೆ.

ಇಳಿಜಾರನ್ನು ಬಣ್ಣದಲ್ಲಿ ತೋರಿಸುವ ಡಿಜಿಟಲ್ ನಕ್ಷೆಗಳು ಈಗ ಸುಲಭವಾಗಿ ಸಿಗುತ್ತವೆ. ಬಳಸಿ, ಆದರೆ ಪೂರ್ತಿ ನಂಬಬೇಡಿ. ಅವು ಹತ್ತಾರು ಮೀಟರ್ ಅಗಲದ ಚೌಕಗಳ ಸರಾಸರಿ ತೆಗೆದು ಬಣ್ಣ ಹಚ್ಚುತ್ತವೆ. ನಡುವೆ ಇರುವ ಹದಿನೈದು ಮೀಟರ್ ಉದ್ದದ ಕಡಿದಾದ ತುಂಡು ಅದರಲ್ಲಿ ಕಾಣದೇ ಹೋಗಬಹುದು. ಜಾಗಕ್ಕೆ ಹೋದ ಮೇಲೆ ಕೋನ ಅಳೆಯುವ ಸಾಧನವಾದ ಇನ್‌ಕ್ಲೈನೋಮೀಟರ್‌ನಿಂದ, ಇಲ್ಲವೇ ಸ್ಕೀ ಪೋಲ್ ಅನ್ನು ಹಿಮದ ಮೇಲೆ ಮಲಗಿಸಿ ಅದರ ಮೇಲೆ ಫೋನ್ ಇಟ್ಟು ಅಳೆಯಿರಿ. ಕಣ್ಣಂದಾಜು ಸಾಲದು. 28 ಅಂದುಕೊಂಡದ್ದು ಅಳೆದರೆ 34 ಇರುತ್ತದೆ.

ನಿಮ್ಮ ಕಾಲ ಕೆಳಗಿನ ಕೋನ ಮಾತ್ರ ನೋಡಿದರೆ ಸಾಲದು, ತಲೆಯ ಮೇಲೆ ಏನಿದೆ ಅಂತಲೂ ನೋಡಬೇಕು. 2013ರ ಏಪ್ರಿಲ್ 20ರಂದು ಕೊಲೊರಾಡೋದ ಲವ್‌ಲ್ಯಾಂಡ್ ಪಾಸ್ ಹತ್ತಿರದ ಶೀಪ್ ಕ್ರೀಕ್‌ನಲ್ಲಿ ಆರು ಜನರ ತಂಡ ಅಪಾಯದ ಇಳಿಜಾರು ಯಾವುದು ಅಂತ ತಿಳಿದಿತ್ತು. ಅದನ್ನು ಬಳಸಿಕೊಂಡು ಹೋಗುವುದೇ ಅವರ ಯೋಜನೆ. ಆದರೆ ಆಚೆಗೆ ಹೋಗಲು ಅದರ ಬುಡವನ್ನು ದಾಟಬೇಕಿತ್ತು. ಅವರು ಬುಡದಲ್ಲಿದ್ದಾಗ ಮೇಲಿನ ಇಳಿಜಾರು ನೆಲಮಟ್ಟದ ಡೆಪ್ತ್ ಹೋರ್ ಮೇಲೆ ಕುಸಿಯಿತು. ಆರೂ ಜನ ಸಿಕ್ಕಿಬಿದ್ದರು, ಐವರು ಸತ್ತರು. ದುರ್ಬಲ ಪದರ ಒಂದು ಕಡೆ ಕುಸಿದರೆ ಆ ಬಿರುಕು ಹಿಮದೊಳಗೇ ಓಡಿ, ಮೇಲೆ ಕಡಿದಾದ ಜಾಗ ಸಿಕ್ಕಲ್ಲಿ ಚಪ್ಪಡಿಯನ್ನು ಕಳಚಿಬಿಡುತ್ತದೆ. ಹಾಗಾಗಿ ಸಪಾಟು ಜಾಗದಲ್ಲಿ ನಿಂತವರೂ ಮೇಲಿನದನ್ನು ಕೆಡವಬಹುದು.

ಇದಕ್ಕೊಂದು ಒರಟು ಲೆಕ್ಕ ಇದೆ. ನೀವು ನಿಂತಲ್ಲಿಂದ ಮೇಲಿನ ಇಳಿಜಾರಿನ ತುದಿಯ ಕಡೆ ನೋಡಿ ಕೋನ ಅಳೆಯಿರಿ. 25 ಡಿಗ್ರಿಗಿಂತ ಜಾಸ್ತಿ ಬಂದರೆ ನೀವು ಹಿಮ ಬಂದು ಬೀಳುವ ಜಾಗದಲ್ಲೇ ಇದ್ದೀರಿ ಅಂತ ತಿಳಿಯಿರಿ. ದೊಡ್ಡ ಕುಸಿತಗಳು 20ಕ್ಕಿಂತ ಕಡಿಮೆ ಕೋನದವರೆಗೂ ಬಂದು ಮುಟ್ಟುತ್ತವೆ. ಕೊರಕಲು, ಹಳ್ಳದ ತಳ, ಬಂಡೆಯಂಚು, ಮರಗಳ ಸಾಲು ಕೆಳಗಿದ್ದರೆ ಚಿಕ್ಕ ಕುಸಿತವೂ ಕೊಲ್ಲುತ್ತದೆ. ಕೊರಕಲಲ್ಲಿ ಹಿಮ ಆಳವಾಗಿ ತುಂಬಿಕೊಳ್ಳುತ್ತದೆ, ಮರಕ್ಕೆ ಬಡಿದರೆ ಏಟೇ ಸಾಕು. ಪಶ್ಚಿಮ ಕೆನಡಾದ ಹಿಮಕುಸಿತ ಸಾವುಗಳ ಅಧ್ಯಯನವೊಂದರಲ್ಲಿ ಸುಮಾರು ಕಾಲು ಭಾಗ ಉಸಿರುಗಟ್ಟಿ ಆದದ್ದಲ್ಲ, ಏಟಿನಿಂದ ಆದದ್ದು. ಕಾಡಿನೊಳಗೆ ಸುರಕ್ಷಿತ ಅಂತಲೂ ಸುಮ್ನೆ ನಂಬಬೇಡಿ. ಸ್ಕೀ ಮಾಡಲು ಆರಾಮಾಗಿ ಜಾಗ ಬಿಟ್ಟಿರುವ ಮರಗಳು ಹಿಮವನ್ನು ಹಿಡಿದಿಡುವಷ್ಟು ದಟ್ಟ ಇರುವುದಿಲ್ಲ.

ದಾರಿಯ ಜೊತೆಗೆ ಎರಡನೆಯ, ಮೂರನೆಯ ಆಯ್ಕೆಯನ್ನೂ ಬರೆದಿಟ್ಟುಕೊಳ್ಳಿ. ಬೆಟ್ಟದ ಮೇಲೆ ನಿಂತು, ಪುಡಿ ಹಿಮ ಕಣ್ಣ ಮುಂದೆ ಇರುವಾಗ, ದಾರಿಯನ್ನು ಸುಲಭ ಮಾಡಿಕೊಳ್ಳಬಹುದು. ಮನೆಯಲ್ಲಿ ಬೇಡ ಅಂದ ಇಳಿಜಾರನ್ನು ಅಲ್ಲಿ ಸೇರಿಸಿಕೊಳ್ಳುವಂತಿಲ್ಲ ಅಂತ ತಂಡದಲ್ಲಿ ಮೊದಲೇ ಮಾತಾಡಿಕೊಳ್ಳಿ.

ಹಂತ 3: ಸಾಮಾನು

ಬೀಕನ್, ಪ್ರೋಬ್ (ಹಿಮದೊಳಗೆ ಚುಚ್ಚಿ ಹೂತವರನ್ನು ಹುಡುಕುವ ಉದ್ದನೆಯ ಕೋಲು), ಸಲಿಕೆ. ಪ್ರತಿಯೊಬ್ಬರ ಹತ್ತಿರ ಮೂರೂ ಇರಬೇಕು. ಬೀಕನ್‌ಗಳೆಲ್ಲ 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುವುದರಿಂದ ಕಂಪನಿ ಬೇರೆಯಾದರೂ ಒಂದನ್ನೊಂದು ಹುಡುಕುತ್ತವೆ. ಮೂರು ಆಂಟೆನಾದ ಡಿಜಿಟಲ್ ಬೀಕನ್, 240 ಸೆಂ.ಮೀ. ಅಥವಾ ಉದ್ದದ ಪ್ರೋಬ್, ಲೋಹದ ಸಲಿಕೆ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಸಲಿಕೆ ಕುಸಿದು ಗಟ್ಟಿಯಾದ ಹಿಮಕ್ಕೆ ಮುರಿಯುತ್ತದೆ. ಫೋನ್ ಮುಂತಾದವನ್ನು ಬೀಕನ್‌ನಿಂದ ಕನಿಷ್ಠ 20 ಸೆಂ.ಮೀ. ದೂರ ಇಡಿ, ಹುಡುಕುವಾಗ 50 ಸೆಂ.ಮೀ. ಗಾಳಿಚೀಲದ ಬ್ಯಾಗ್ ಇದ್ದರೆ ಒಳ್ಳೆಯದೇ, ಉಬ್ಬಿದ ಚೀಲ ಸಾವಿನ ಸಂಭವವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಆದರೆ ಮರಕ್ಕೆ ಬಡಿಯುವುದನ್ನು ಅದು ತಪ್ಪಿಸುವುದಿಲ್ಲ. ಹೊರಡುವ ಜಾಗದಲ್ಲಿ ಒಬ್ಬರು ಬೀಕನ್ ಹುಡುಕುವ ಸ್ಥಿತಿಗೆ ಹಾಕಿ ನಿಲ್ಲಲಿ. ಉಳಿದವರು ಒಬ್ಬೊಬ್ಬರಾಗಿ ಅವರ ಮುಂದೆ ಹಾದು ಹೋಗಲಿ. ಎರಡು ನಿಮಿಷದ ಕೆಲಸ.

ಹಂತ 4: ಹತ್ತುವಾಗ ಕಣ್ಣು, ಕಿವಿ ತೆರೆದಿರಲಿ

ಹಿಮ ತಾನಾಗಿಯೇ ಕೊಡುವ ಸೂಚನೆಗಳು ಯಾವ ಪರೀಕ್ಷೆಗಿಂತಲೂ ನೇರ. ಹತ್ತಿರದಲ್ಲಿ, ಅದೇ ದಿಕ್ಕಿನಲ್ಲಿ ಹೊಸ ಕುಸಿತ ಕಂಡರೆ ಇನ್ನೇನೂ ಕೇಳಬೇಕಿಲ್ಲ. ಕಾಲಿಟ್ಟಾಗ ಕೆಳಗಿನಿಂದ ‘ಧುಮ್’ ಅನ್ನುವ ಮಂದ ಸದ್ದು ಬಂದು ಹಿಮ ಸ್ವಲ್ಪ ಕೂತ ಹಾಗಾದರೆ, ದುರ್ಬಲ ಪದರ ನಿಮ್ಮಡಿಯಲ್ಲೇ ಕುಸಿದಿದೆ. ಇಳಿಜಾರು ಸಾಕಷ್ಟು ಇರಲಿಲ್ಲ, ಅಷ್ಟೇ. ಸ್ಕೀ ತುದಿಯಿಂದ ಬಿರುಕು ಚಿಮ್ಮಿ ಓಡಿದರೂ ಅದೇ ಅರ್ಥ. ಇವುಗಳಲ್ಲಿ ಒಂದು ಕಂಡರೂ 30 ಡಿಗ್ರಿ ದಾಟುವ ಯೋಚನೆ ಬಿಡಿ.

ಹವಾಮಾನ ಬೇಗ ಬದಲಾದಾಗ ಹಿಮಕ್ಕೆ ಹೊಂದಿಕೊಳ್ಳಲು ಸಮಯ ಸಿಗುವುದಿಲ್ಲ. ಒಂದೇ ದಿನದಲ್ಲಿ 30 ಸೆಂ.ಮೀ. ಹಿಮ, ಗಂಟೆಗೆ 2–3 ಸೆಂ.ಮೀ. ವೇಗದಲ್ಲಿ ಬೀಳುವ ಹಿಮ, ಹಿಮದ ಮೇಲೆ ಮಳೆ, ಒಮ್ಮೆಲೇ ಏರಿದ ಬಿಸಿ: ಎಲ್ಲವೂ ಎಚ್ಚರಿಕೆ. ಇವುಗಳಲ್ಲಿ ಜನ ಕಡೆಗಣಿಸುವುದು ಗಾಳಿಯನ್ನು. ಆಕಾಶ ನೀಲಿಯಾಗಿದ್ದರೂ ಗಾಳಿ ಒಂದು ಕಡೆಯ ಹಿಮವನ್ನು ಕೆರೆದು ಬೆಟ್ಟದ ನೆತ್ತಿಯ ಆಚೆ, ಗಾಳಿಮರೆಯ ಕಡೆ ಸುರಿಯುತ್ತಿರುತ್ತದೆ. ಆಕಾಶದಿಂದ ಬೀಳುವುದಕ್ಕಿಂತ ಹತ್ತು ಪಟ್ಟು ವೇಗವಾಗಿ ಹೀಗೆ ಹಿಮ ಸೇರಬಹುದು. ನೆತ್ತಿಯಿಂದ ಹಿಮದ ಬಾವುಟ ಹಾರುತ್ತಿದೆಯೇ? ಅಂಚಿನಲ್ಲಿ ಕಾರ್ನಿಸ್, ಅಂದರೆ ಗಾಳಿ ಕಟ್ಟಿದ ಹಿಮದ ಸೂರು, ಚಾಚಿಕೊಂಡಿದೆಯೇ? ಅದು ಚಾಚಿದ ಕಡೆಯೇ ಗಾಳಿಮರೆ. ಮೇಲ್ಮೈ ನಯವಾಗಿ, ಉಬ್ಬಿದ ದಿಂಡಿನಂತೆ ಕಂಡರೆ, ಪೋಲ್‌ನಿಂದ ಕುಟ್ಟಿದಾಗ ಟೊಳ್ಳು ಸದ್ದು ಬಂದರೆ ಅಲ್ಲಿಂದ ದೂರ ಇರಿ. ಕಾರ್ನಿಸ್ ಮೇಲಂತೂ ನಡೆಯಲೇಬೇಡಿ. ಅದು ನೀವು ಅಂದುಕೊಂಡದ್ದಕ್ಕಿಂತ ಹಿಂದಕ್ಕೆ ಮುರಿಯುತ್ತದೆ.

ವಸಂತದ ಲೆಕ್ಕ ಬೇರೆ, ಸ್ವಲ್ಪ ಸುಲಭ. ರಾತ್ರಿ ಹಿಮ ಚೆನ್ನಾಗಿ ಹೆಪ್ಪುಗಟ್ಟಿತೇ ಅಂತ ನೋಡಿ. ಗಟ್ಟಿದ್ದರೆ ಬೆಳಗ್ಗೆ ಬೇಗ ಹತ್ತಿ, ಮೇಲಿನ ಒಂದೆರಡು ಅಂಗುಲ ಮಾತ್ರ ಮೆತ್ತಗಾದಾಗ ಇಳಿದುಬಿಡಿ. ಬೂಟು ಗೆಣ್ಣಿನವರೆಗೆ ಹೂತರೆ, ಹಿಮದ ಉಂಡೆಗಳು ತಾವಾಗಿ ಉರುಳತೊಡಗಿದರೆ ತಡವಾಗಿದೆ ಅಂತ ಅರ್ಥ.

ಹಂತ 5: ಗುಂಡಿ ತೋಡಿ, ಆದರೆ ಅನುಮತಿ ಕೇಳಲು ಅಲ್ಲ

ನೀವು ಹೋಗಬೇಕೆಂದಿರುವ ಇಳಿಜಾರಿನ ದಿಕ್ಕು, ಎತ್ತರ, ಕೋನವನ್ನೇ ಹೋಲುವ ಚಿಕ್ಕ, ಸುರಕ್ಷಿತ ಜಾಗ ಆರಿಸಿ. ಪ್ರೋಬ್ ಚುಚ್ಚಿ ಆಳ ನೋಡಿಕೊಳ್ಳಿ. ಸುಮಾರು ಒಂದೂವರೆ ಮೀಟರ್ ಆಳಕ್ಕೆ ತೋಡಿ, ಮೇಲ್ಗಡೆಯ ಗೋಡೆಯನ್ನು ನೇರವಾಗಿ, ನಯವಾಗಿ ಕೆರೆಯಿರಿ. ಈಗ ಗ್ಲೌಸ್ ಹಾಕಿದ ಕೈಯಿಂದ ಮೇಲಿನಿಂದ ಕೆಳಗೆ ಮೆಲ್ಲಗೆ ಒತ್ತುತ್ತಾ ಬನ್ನಿ. ಮುಷ್ಟಿ ಒಳಗೆ ಹೋದರೆ ತೀರಾ ಮೆತ್ತಗೆ. ಆಮೇಲೆ ನಾಲ್ಕು ಬೆರಳು, ಒಂದು ಬೆರಳು, ಪೆನ್ಸಿಲ್, ಚಾಕು. ಚಾಕು ಮಾತ್ರ ಹೋಗುವುದು ಅತಿ ಗಟ್ಟಿ. ಗಟ್ಟಿ ಪದರದಡಿ ಒಮ್ಮೆಲೇ ಮುಷ್ಟಿ ನುಗ್ಗಿತೇ? ಗುರುತು ಮಾಡಿ, ಆ ಹರಳನ್ನು ಅಂಗೈಗೆ ತೆಗೆದು ನೋಡಿ. ಮೂಲೆಗಳು ಮಿಂಚಿದರೆ ಫ್ಯಾಸೆಟ್.

ಪರೀಕ್ಷೆಗಳಲ್ಲಿ ಒಂದನ್ನೇ ಕಲಿಯುವುದಾದರೆ ಇಸಿಟಿ (ಎಕ್ಸ್‌ಟೆಂಡೆಡ್ ಕಾಲಮ್ ಟೆಸ್ಟ್) ಕಲಿಯಿರಿ. ಅಡ್ಡಕ್ಕೆ 90 ಸೆಂ.ಮೀ., ಇಳಿಜಾರಿನ ಮೇಲ್ಮುಖವಾಗಿ 30 ಸೆಂ.ಮೀ. ಇರುವ ಹಿಮದ ಕಂಬವನ್ನು ಹಗ್ಗದ ಗರಗಸದಿಂದ ಸುತ್ತಲೂ ಬಿಡಿಸಿಕೊಳ್ಳಿ. ಒಂದು ತುದಿಯಲ್ಲಿ ಸಲಿಕೆಯ ಅಲಗನ್ನು ಮಲಗಿಸಿ. ಮಣಿಕಟ್ಟಿನಿಂದ ಕೈ ಬಿಟ್ಟು 10 ಸಲ ತಟ್ಟಿ, ಮೊಣಕೈಯಿಂದ 10, ಭುಜದಿಂದ 10. ಗೋಡೆಯನ್ನೇ ನೋಡುತ್ತಿರಿ. ಯಾವುದೋ ಏಟಿಗೆ ಸಣ್ಣ ಗೆರೆ ಮೂಡುತ್ತದೆ. ಆ ಏಟಿಗೇ, ಅಥವಾ ಅದರ ಮುಂದಿನ ಏಟಿಗೆ, ಗೆರೆ ಇನ್ನೊಂದು ತುದಿಯವರೆಗೂ ಓಡಿತೇ ಅನ್ನುವುದೇ ಪ್ರಶ್ನೆ. ಓಡಿದರೆ ಈ ಹಿಮದಲ್ಲಿ ಬಿರುಕು ಹರಡಬಲ್ಲದು, ವಾಪಸ್ ಹೊರಡಿ. ಸಲಿಕೆಯ ಅಡಿಯಲ್ಲೇ ನಿಂತರೆ ಈ ಒಂದು ಜಾಗದಲ್ಲಿ ಹರಡಲಿಲ್ಲ ಅಂತ ಮಾತ್ರ.

ಆ ‘ಮಾತ್ರ’ವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಇಪ್ಪತ್ತು ಮೀಟರ್ ಆಚೆ ಹಿಮ ಬೇರೆಯೇ ಇರಬಹುದು. ಬಂಡೆಗಳ ಪಕ್ಕ, ಉಬ್ಬಿನ ಮೇಲೆ ಹಿಮ ತೆಳುವಾಗಿರುತ್ತದೆ, ನಿಮ್ಮ ಭಾರ ದುರ್ಬಲ ಪದರಕ್ಕೆ ಸುಲಭವಾಗಿ ಮುಟ್ಟುತ್ತದೆ. ಗುಂಡಿಯ ಕೆಟ್ಟ ಫಲಿತಾಂಶಕ್ಕೆ ಮರ್ಯಾದೆ ಕೊಡಿ. ಒಳ್ಳೆಯ ಫಲಿತಾಂಶ ಬಂತು ಅಂತ ಮನೆಯಲ್ಲಿ ಬೇಡ ಅಂದ ಇಳಿಜಾರಿಗೆ ಹೋಗಬೇಡಿ.

ಹಂತ 6: ಒಬ್ಬೊಬ್ಬರಾಗಿ

ಹತ್ತುವ ದಾರಿ ಬೆಟ್ಟದ ಏಣಿನ ಮೇಲೆ, ಕಡಿಮೆ ಕೋನದಲ್ಲಿ ಇರಲಿ. ಅಪಾಯ ಇರಬಹುದಾದ ಇಳಿಜಾರಿನಲ್ಲಿ ಒಂದು ಸಲಕ್ಕೆ ಒಬ್ಬರೇ. ಉಳಿದವರು ಹಿಮ ಬಂದು ಬೀಳದ ಜಾಗದಲ್ಲಿ ನಿಂತು ಅವರ ಮೇಲೇ ಕಣ್ಣಿಡಬೇಕು. ಇಳಿದು ಮುಗಿಸಿದವರು ಇಳಿಜಾರಿನ ಬುಡದಲ್ಲಿ ನಿಂತು ಫೋಟೋ ತೆಗೆಯುವುದು ಬೇಡ, ಪಕ್ಕಕ್ಕೆ ಸರಿಯಲಿ. ಮೇಲೆ ಬೇರೆ ತಂಡ ಇದ್ದರೆ ಅವರ ಕೆಳಗೆ ಹೋಗಬೇಡಿ. ಮೂರು ನಾಲ್ಕು ಜನರ ತಂಡ ಸರಿಯಾದದ್ದು. ಜಾಸ್ತಿ ಆದರೆ ಮಾತು ಕಡಿಮೆಯಾಗುತ್ತದೆ.

ಆ ಮಾತು ಕಡಿಮೆಯಾಗುವುದೇ ದೊಡ್ಡ ಅಪಾಯ. ಅಮೆರಿಕದ ಇಯಾನ್ ಮೆಕ್‌ಕ್ಯಾಮನ್ ಹಿಮಕುಸಿತ ಅಪಘಾತಗಳನ್ನು ಪರಿಶೀಲಿಸಿ, ಜನ ಎಡವುವ ಕೆಲವು ಮಾನಸಿಕ ಬಲೆಗಳನ್ನು ಗುರುತಿಸಿದರು. ಪರಿಚಿತ ಜಾಗ, ಮೊದಲೇ ಹಾಕಿಕೊಂಡ ಗುರಿ, ಮುಂದಾಳುವಿನ ಮೇಲಿನ ಕುರುಡು ನಂಬಿಕೆ, ಬೇರೆಯವರಿಗಿಂತ ಮೊದಲು ಹೊಸ ಹಿಮ ತುಳಿಯುವ ಆಸೆ ಇಂಥವು. ಇದಕ್ಕೆ ಒಂದೇ ಒಂದು ನಿಯಮ ಸಾಕು: ತಂಡದಲ್ಲಿ ಯಾರಾದರೂ ಒಬ್ಬರು ‘ಬೇಡ’ ಅಂದರೆ ಬೇಡ. ಕಾರಣ ಕೇಳಿ ಅವರನ್ನು ಒಪ್ಪಿಸಲು ಹೋಗಬೇಡಿ.

ಹಂತ 7: ಕುಸಿದೇ ಬಿಟ್ಟರೆ

ನಿಮ್ಮಡಿಯೇ ಹೊರಟರೆ ಕೂಗಿ, ಗಾಳಿಚೀಲ ಎಳೆಯಿರಿ, ಪಕ್ಕಕ್ಕೆ ಸ್ಕೀ ಮಾಡಿ ಹೊರಬರಲು ನೋಡಿ. ಸಿಕ್ಕಿಬಿದ್ದರೆ ಮೇಲೆ ಉಳಿಯಲು ಒದ್ದಾಡಿ. ಹಿಮ ನಿಲ್ಲುವ ಮೊದಲು ಮುಖದ ಮುಂದೆ ಕೈ ಇಟ್ಟು ಉಸಿರಾಟಕ್ಕೆ ಜಾಗ ಮಾಡಿಕೊಳ್ಳಿ. ನಿಂತ ಮೇಲೆ ಬೆರಳು ಆಡಿಸಲೂ ಆಗದಷ್ಟು ಗಟ್ಟಿಯಾಗುತ್ತದೆ.

ಮೇಲೆ ಉಳಿದವರೇ ನಿಜವಾದ ರಕ್ಷಣಾ ತಂಡ. ಪೂರ್ತಿ ಹೂತವರಲ್ಲಿ ಮೊದಲ 10 ನಿಮಿಷದಲ್ಲಿ ಹೊರತೆಗೆದವರ ಪೈಕಿ ಸುಮಾರು 90% ಬದುಕುತ್ತಾರೆ. 35 ನಿಮಿಷಕ್ಕೆ ಅದು 30%ರ ಆಸುಪಾಸಿಗೆ ಇಳಿಯುತ್ತದೆ. ಹೆಲಿಕಾಪ್ಟರ್ ಅಷ್ಟು ಬೇಗ ಬರುವುದು ಅಪರೂಪ.

ಕೊನೆಯ ಸಲ ಕಂಡ ಜಾಗವನ್ನು ನೆನಪಿಟ್ಟುಕೊಳ್ಳಿ. ಮೇಲಿನಿಂದ ಇನ್ನೊಂದು ಕುಸಿತ ಬರಬಹುದೇ ನೋಡಿ. ಒಬ್ಬರು ಮುಂದಾಳತ್ವ ವಹಿಸಲಿ. ಎಲ್ಲರ ಬೀಕನ್ ಹುಡುಕುವ ಸ್ಥಿತಿಗೆ ಬರಬೇಕು. ಒಂದು ಬೀಕನ್ ಸಂಕೇತ ಕಳಿಸುತ್ತಲೇ ಉಳಿದರೂ ಎಲ್ಲರ ದಾರಿ ತಪ್ಪುತ್ತದೆ. ಸಂಕೇತ ಸಿಗುವವರೆಗೆ ಬೇಗ ಬೇಗ, ಸುಮಾರು 40 ಮೀಟರ್ ಅಂತರದ ಸಾಲುಗಳಲ್ಲಿ ಓಡಾಡಿ. ಹಿಮದ ಮೇಲೆ ಗ್ಲೌಸ್, ಪೋಲ್ ಕಾಣುತ್ತದೆಯೇ ಅಂತಲೂ ನೋಡುತ್ತಿರಿ. ಸಂಕೇತ ಸಿಕ್ಕ ಮೇಲೆ ಬಾಣದ ಗುರುತು ಹಿಡಿದು ಹೋಗಿ. ಅದು ನೇರ ಅಲ್ಲ, ಬಾಗಿದ ದಾರಿಯಲ್ಲಿ ಕರೆದೊಯ್ಯುತ್ತದೆ. ಬೀಕನ್ ತೋರಿಸುವ ದೂರದ ಅಂಕಿ ಏರುತ್ತಿದ್ದರೆ ತಿರುಗಿ. 10 ಆದಾಗ ನಿಧಾನಿಸಿ. 3 ಆದಾಗ ಬೀಕನ್ ಅನ್ನು ಹಿಮಕ್ಕೆ ತಾಗಿಸಿ, ಅದನ್ನು ತಿರುಗಿಸದೆ ಒಂದೇ ಗೆರೆಯಲ್ಲಿ ಜರುಗಿಸಿ. ಅಂಕಿ ಇಳಿದು ಮತ್ತೆ ಏರಿದ ಕೂಡಲೇ ಹಿಂದೆ ಬಂದು, ಅತಿ ಕಡಿಮೆ ಇದ್ದಲ್ಲಿ ಅಡ್ಡಕ್ಕೂ ಹಾಗೇ ನೋಡಿ.

ಅಲ್ಲಿಂದ ಪ್ರೋಬ್. ಹಿಮದ ಮೇಲ್ಮೈಗೆ ಲಂಬವಾಗಿ ಚುಚ್ಚಿ, 25 ಸೆಂ.ಮೀ. ಅಂತರದಲ್ಲಿ ಸುರುಳಿಯಾಗಿ ಹೊರಕ್ಕೆ ಸಾಗಿ. ನೆಲ ತಗುಲಿದರೆ ಟಕ್ ಅನ್ನುತ್ತದೆ, ಮನುಷ್ಯ ತಗುಲಿದರೆ ಮೆತ್ತಗೆ ಪುಟಿಯುತ್ತದೆ. ತಗುಲಿತೇ, ಪ್ರೋಬ್ ಅಲ್ಲೇ ಬಿಡಿ. ಪ್ರೋಬ್ ತೋರಿಸಿದ ಆಳದ ಒಂದೂವರೆ ಪಟ್ಟು ದೂರ ಕೆಳಗಿಳಿದು, ಅಲ್ಲಿಂದ ಇಳಿಜಾರಿನ ಒಳಮುಖವಾಗಿ ತೋಡಿ. ಹೂತವರ ನೆತ್ತಿಯ ಮೇಲೆ ನಿಂತು ನೇರ ಕೆಳಕ್ಕೆ ತೋಡಬೇಡಿ, ಅವರ ಉಸಿರಿನ ಜಾಗ ಕುಸಿಯುತ್ತದೆ. ಮುಂದೆ ಇರುವವರು ಕತ್ತರಿಸಲಿ, ಹಿಂದಿನವರು ಹಿಮವನ್ನು ಹೊರಕ್ಕೆ ತಳ್ಳಲಿ. ಒಂದೆರಡು ನಿಮಿಷಕ್ಕೊಮ್ಮೆ ಜಾಗ ಬದಲಿಸಿ. ಇಡೀ ರಕ್ಷಣೆಯಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಇದೇ.

ಮುಖ ಸಿಕ್ಕ ಕೂಡಲೇ ಬಾಯಿ, ಮೂಗಿನ ಹಿಮ ತೆಗೆಯಿರಿ, ಎದೆಯ ಮೇಲಿನ ಭಾರ ಇಳಿಸಿ. ಉಸಿರು ಇಲ್ಲದಿದ್ದರೆ ಅಲ್ಲೇ ಸಿಪಿಆರ್ ಶುರು ಮಾಡಿ. ಉಸಿರಾಡುತ್ತಿದ್ದರೆ ಬೆನ್ನುಮೂಳೆ ಅಲುಗದಂತೆ ಎತ್ತಿ, ಕೆಳಗೆ ಬ್ಯಾಗ್ ಹಾಸಿ, ಮೇಲೆ ಇರುವ ಜಾಕೆಟ್‌ಗಳನ್ನೆಲ್ಲ ಹೊದಿಸಿ. ಇಬ್ಬರಿಗಿಂತ ಜಾಸ್ತಿ ಜನ ಇದ್ದರೆ ಸಹಾಯಕ್ಕೆ ಕರೆ ಮಾಡುವ ಕೆಲಸವನ್ನು ಶುರುವಿನಲ್ಲೇ ಒಬ್ಬರಿಗೆ ಒಪ್ಪಿಸಿರಿ.

ಏನೂ ಆಗದೆ ಮರಳಿದ ದಿನವೂ ಒಂದು ಕೆಲಸ ಬಾಕಿ ಇರುತ್ತದೆ. ಕಂಡ ಕುಸಿತ, ಕೇಳಿದ ‘ಧುಮ್’, ಗುಂಡಿಯ ಫಲಿತಾಂಶವನ್ನು ಸಮಯ, ಎತ್ತರ, ದಿಕ್ಕು, ಕೋನದ ಸಮೇತ ಮುನ್ಸೂಚನಾ ಕೇಂದ್ರಕ್ಕೆ ಕಳಿಸಿ. ನಾಳೆಯ ಬುಲೆಟಿನ್ ಬರೆಯುವವರು ಇಂಥ ವರದಿಗಳನ್ನೂ ನೋಡಿಯೇ ಬರೆಯುತ್ತಾರೆ.